ಕೌಬಾಯ್ ಸ್ಟೇಷನ್ ಮಾಡೆಲ್: ಹಳಿ ಅಂಟಿಸುವವರೆಗೆ ಬಂತು

ಈ ಮಾಡೆಲ್ ಬಗ್ಗೆ ಬರೆದು ಎರಡು ತಿಂಗಳಾಯಿತು. ಕೆಲಸ ನಿಂತಿಲ್ಲ, ನಿಧಾನವಾಗಿದೆ ಅಷ್ಟೇ. ಗೊತ್ತಿಲ್ಲದವರಿಗೆ ಇನ್ನೊಮ್ಮೆ ಹೇಳುತ್ತೇನೆ. ಇಟಲಿಯ ನಿರ್ದೇಶಕ ಸೆರ್ಜಿಯೋ ಲಿಯೋನೆಯ 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಚಿತ್ರದ ಶುರುವಿನಲ್ಲಿ ಮೂರು ಜನ ಬಂದೂಕು ಹಿಡಿದು ಒಂಟಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾರಲ್ಲ, ಗಾಳಿಯಂತ್ರ ಕಿರ್ ಅನ್ನುತ್ತಿರುತ್ತದೆ, ಒಬ್ಬನ ಟೋಪಿ ಮೇಲೆ ನೀರು ತೊಟ್ಟಿಕ್ಕುತ್ತದೆ, ಇನ್ನೊಬ್ಬನ ಮುಖದ ಮೇಲೆ ನೊಣ ಹರಿದಾಡುತ್ತದೆ, ಆ ಸ್ಟೇಷನ್ನೇ ನನ್ನ ಮಾಡೆಲ್. ಅಳತೆ 1:72, ಅಂದರೆ ನಿಜದ ಎಪ್ಪತ್ತೆರಡನೇ ಒಂದು ಭಾಗ. ಎರಡು ಅಡಿಗೆ ಮೂರು ಅಡಿ ಪ್ಲೈವುಡ್. ಮನುಷ್ಯ 24 ಮಿಲಿಮೀಟರ್ ಎತ್ತರ ಬರುತ್ತಾನೆ.

ಕಥೆ ನಡೆಯುವುದು ಅಮೆರಿಕದಲ್ಲಿ. ಸ್ಟೇಷನ್ನಿನ ಸೆಟ್ ಇದ್ದದ್ದು ಸ್ಪೇನಿನ ಗ್ರನಾಡಾ ಪ್ರಾಂತ್ಯದಲ್ಲಿ, ಲಾ ಕಲಹೋರಾ ಅನ್ನುವ ಊರಿನ ಹತ್ತಿರ. ಎರಡು ತಿಂಗಳು ನನ್ನ ತಲೆ ತಿಂದದ್ದು ಇದೇ ವಿಷಯ. ಒಬ್ಬ ಗೆಳೆಯನಂತೂ ಮೊದಲ ದಿನವೇ ಹೇಳಿದ್ದ, ‘ಸ್ಪೇನಲ್ಲಿ ತೆಗೆದಿದ್ದು ಅಂತ ಗೊತ್ತಾದ ಮೇಲೆ ನನಗೆ ಆ ಸಿನಿಮಾ ನಂಬೋಕೇ ಆಗಲ್ಲ ಕಣೋ.’ ಹಾಗಿದ್ದರೆ ನಾನು ಯಾವ ನೆಲ ಮಾಡಬೇಕು? ಅಮೆರಿಕದ್ದೋ, ಸ್ಪೇನಿನದ್ದೋ?

ಮಣ್ಣು, ಎರಡು ಸಲ

ಮೊದಲು ಅಮೆರಿಕವೇ ಇರಲಿ ಅಂದುಕೊಂಡೆ. ಕೆಂಪು ಬಂಡೆಗಳ ಮಾನ್ಯುಮೆಂಟ್ ವ್ಯಾಲಿಯ ಫೋಟೋಗಳನ್ನು ಗೋಡೆಗೆ ಅಂಟಿಸಿದೆ. ಕೆಂಪು ಬೇಕಿತ್ತು. ತುಮಕೂರಿನ ಹತ್ತಿರ ನಮ್ಮ ತೋಟದಿಂದ ಒಂದು ಚೀಲ ಕೆಂಪು ಮಣ್ಣು ತಂದು, ಒಣಗಿಸಿ, ಹಳೇ ಪಂಚೆಯ ಬಟ್ಟೆಯಲ್ಲಿ ಸೋಸಿದೆ. ಟೀ ಜರಡಿ ಸಾಲದು. ಈ ಅಳತೆಯಲ್ಲಿ ಒಂದು ಮಿಲಿಮೀಟರಿನ ಮರಳು ಕಾಳು ಅಂದರೆ ಏಳು ಸೆಂಟಿಮೀಟರಿನ ಕಲ್ಲು, ಪ್ಲಾಟ್‌ಫಾರ್ಮ್ ಪಕ್ಕ ಜಲ್ಲಿ ಸುರಿದ ಹಾಗೆ ಕಾಣುತ್ತದೆ. ಆಮೇಲೆ ಫೆವಿಕಾಲಿಗೆ ನೀರು ಬೆರೆಸಿ ಹಚ್ಚಿ, ಮೇಲೆ ಮಣ್ಣು ಉದುರಿಸಿದೆ.

ಒಣಗಿದ ಮೇಲೆ ಅಮ್ಮ ಬಂದು ನೋಡಿದರು. ‘ಏನೋ ಇದು, ನಮ್ಮೂರಿನ ಸ್ಟೇಷನ್ ಮಾಡಿದೀಯ?’ ಅಂದರು. ಅಕ್ಕನ ಮಗ ಹಿಂದಿನಿಂದ ಇಣುಕಿ, ‘ಅಲ್ಲ ಅಜ್ಜಿ, ಇದು ಶೋಲೆ!’ ಅಂದ.

ಅವನ ಮಾತಿನಲ್ಲಿ ತಪ್ಪೇನಿಲ್ಲ. ನಮಗೆ ಈ ಪ್ರಶ್ನೆ ಹೊಸದಲ್ಲ, ಅಲ್ವಾ? 1975ರ ‘ಶೋಲೆ’ಯ ಡಕಾಯಿತರ ಬೆಟ್ಟ ನಮ್ಮ ರಾಮನಗರ. ಅದೇ ಸಿನಿಮಾದ ರೈಲು ದರೋಡೆ ತೆಗೆದದ್ದು ಮಹಾರಾಷ್ಟ್ರದ ಪನ್ವೇಲ್ ಕಡೆ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ನೂರು ಸಲ ಆ ಬಂಡೆಗಳನ್ನು ನೋಡಿದವರು ನಾವು. ಆದರೂ ಟಿವಿಯಲ್ಲಿ ಗಬ್ಬರ್ ಬಂದರೆ ಯಾರೂ ‘ಅಯ್ಯೋ ಇದು ರಾಮನಗರ’ ಅಂತ ಎದ್ದು ಹೋಗುವುದಿಲ್ಲ. ಒಂದು ಸಲ ಹೇಳುತ್ತೇವೆ, ಅದೂ ಹೆಮ್ಮೆಗೆ. ಆಮೇಲೆ ಸುಮ್ನೆ ಕೂತು ನೋಡುತ್ತೇವೆ.

ಸರಿ, ಸಿನಿಮಾವನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸ್ಟೇಷನ್ ಸುತ್ತ ಕೆಂಪು ಇಲ್ಲವೇ ಇಲ್ಲ. ಒಣ ಹುಲ್ಲಿನ ಬಣ್ಣ, ಬೂದಿ ಬೆರೆತ ಕಂದು. ತಮಾಷೆ ಇರುವುದು ಆಮೇಲೆ. ನಾಯಕಿ ಊರಿನ ಸ್ಟೇಷನ್ನಿನಲ್ಲಿ ಇಳಿದು ಕುದುರೆ ಗಾಡಿ ಹತ್ತುತ್ತಾಳೆ. ಆ ಊರು ಸ್ಪೇನ್. ದಾರಿಯ ಮಧ್ಯೆ ಮಾನ್ಯುಮೆಂಟ್ ವ್ಯಾಲಿ ಬರುತ್ತದೆ, ಅದು ನಿಜವಾದ ಅಮೆರಿಕ. ಗಾಡಿ ಹೋಗಿ ನಿಲ್ಲುವ ತೋಟದ ಮನೆ ಮತ್ತೆ ಸ್ಪೇನಿನಲ್ಲಿ, ಅಲ್ಮೇರಿಯಾದ ತಬೆರ್ನಾಸ್ ಮರುಭೂಮಿಯ ಹತ್ತಿರ. ಒಂದೇ ಗಾಡಿ ಸವಾರಿಯಲ್ಲಿ ಅಟ್ಲಾಂಟಿಕ್ ಎರಡು ಸಲ ದಾಟಿದ್ದಾರೆ! ನಾನು ಈ ಸಿನಿಮಾ ಐದಾರು ಸಲ ನೋಡಿದ್ದೆ, ಮಣ್ಣು ಸೋಸುವವರೆಗೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ಈಗ ನೋಡಿದರೆ ಎಳೆದುಕೊಂಡು ಬಂದ ಹಾಗೆ ಅನ್ನಿಸುವುದು ಆ ಅಮೆರಿಕದ ತುಂಡೇ. ‘ನೋಡಿ, ನಿಜವಾದ ಜಾಗಕ್ಕೂ ಹೋಗಿದ್ದೆವು’ ಅಂತ ತೋರಿಸಿದ ಹಾಗೆ.

ಕೆಂಪು ಮಣ್ಣನ್ನೆಲ್ಲ ಕೆರೆದು ತೆಗೆದೆ. ಒಂದು ಭಾನುವಾರ ಪೂರ್ತಿ ಹೋಯಿತು. ಎರಡನೇ ಸಲ ಮರಳಿಗೆ ಸ್ವಲ್ಪ ಒಲೆ ಬೂದಿ, ಸ್ವಲ್ಪ ಬಳಸಿ ಒಣಗಿಸಿದ ಟೀ ಪುಡಿ ಬೆರೆಸಿದೆ. ಅರ್ಧ ಗಂಟೆಯಲ್ಲಿ ಅದು ಸಿನಿಮಾ ಆಯಿತು.

(ನಡುವೆ ಒಂದು ಅನಾಹುತ. ಹಿಂದಿನ ಗುಡ್ಡಕ್ಕೆ ಥರ್ಮಾಕೋಲ್ ಕೆತ್ತಿ, ಅವಸರದಲ್ಲಿ ನೇರವಾಗಿ ಸ್ಪ್ರೇ ಪೇಂಟ್ ಹೊಡೆದೆ. ಕಣ್ಣೆದುರೇ ಗುಡ್ಡ ಕರಗಿತು. ಮೊದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿಯಬೇಕಿತ್ತು, ಗೊತ್ತಿದ್ದೂ ಮಾಡಿದ ತಪ್ಪು. ಆನ್‌ಲೈನ್ ಅಂಗಡಿಯೊಂದು 1:72 ಅಂತ ಹೇಳಿ 1:87ರ ಬೊಂಬೆ ಕಳಿಸಿದೆ. ಮೂವರು ಕೊಲೆಗಾರರೂ ಹೈಸ್ಕೂಲ್ ಹುಡುಗರ ಥರ ಕಾಣುತ್ತಿದ್ದಾರೆ.)

ಹಲಗೆ

ಈ ಸ್ಟೇಷನ್ನಿನ ಜೀವ ಪ್ಲಾಟ್‌ಫಾರ್ಮ್. ಉದ್ದಕ್ಕೂ ಒರಟು ಹಲಗೆ. ಐಸ್‌ಕ್ರೀಮ್ ಕಡ್ಡಿ ಹಾಗೇ ಹಾಕಿದರೆ ಮುಕ್ಕಾಲು ಮೀಟರ್ ಅಗಲದ ಹಲಗೆ ಆಗುತ್ತದೆ, ಅಷ್ಟು ದೊಡ್ಡ ಮರ ಆ ಬಯಲಿನಲ್ಲಿ ಎಲ್ಲಿಂದ ಬರಬೇಕು. ಬ್ಲೇಡಿನಲ್ಲಿ ಎರಡು ಮೂರು ಸೀಳು ಮಾಡಿ, ಅಂಚು ಉಜ್ಜದೆ ಹಾಗೇ ಬಿಟ್ಟೆ. ಆಮೇಲೆ ತಂತಿ ಬ್ರಷ್ಷಿನಿಂದ ಎಳೆ ಎಬ್ಬಿಸಿ, ಕಾಫಿ ಡಿಕಾಕ್ಷನ್ ಬಳಿದೆ. ಎರಡು ಸಲ. ಮೊದಲ ಸಲಕ್ಕೆ ಹೊಸ ಪೀಠೋಪಕರಣದ ಥರ ಹೊಳೆಯಿತು, ಎರಡನೇ ಸಲ ಬಿಸಿಲಲ್ಲಿಟ್ಟ ಮೇಲೆ ಸರಿಯಾಯಿತು.

ಈ ಚಿತ್ರದ ಸೆಟ್‌ಗಳು ಕಾರ್ಲೋ ಸಿಮಿಯವು. ಓದಿದ್ದು ಕಟ್ಟಡ ವಿನ್ಯಾಸ. 1965ರ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ಗೆ ತಬೆರ್ನಾಸ್‌ನಲ್ಲಿ ಒಂದು ಇಡೀ ಊರನ್ನೇ ಎಬ್ಬಿಸಿದ್ದರು. ಅದು ಆಮೇಲೆ ಟಿಕೆಟ್ ಕೊಟ್ಟು ನೋಡುವ ಜಾಗವಾಯಿತು. ಅವರ ಮನೆಗಳನ್ನು ನೋಡಿದರೆ ಯಾರೋ ದುಡ್ಡು ಹಾಕಿ, ಮಧ್ಯದಲ್ಲಿ ಸಾಲದೆ ನಿಲ್ಲಿಸಿ, ಮತ್ತೆ ಕಟ್ಟಿದ್ದಾರೆ ಅನ್ನಿಸುತ್ತದೆ. ಅದೇ ಕ್ಯಾಲಿಫೋರ್ನಿಯಾದ ಸ್ಟುಡಿಯೋ ಬೀದಿಗಳಲ್ಲಿ ತೆಗೆದ ಹಳೇ ಟಿವಿ ವೆಸ್ಟರ್ನ್‌ಗಳನ್ನು, ಅಂದರೆ ಕೌಬಾಯ್ ಕಥೆಗಳನ್ನು, ನೋಡಿ. ನೆಲ ಅಪ್ಪಟ ಅಮೆರಿಕದ್ದೇ. ಇಸ್ತ್ರಿ ಮಾಡಿದ ಶರ್ಟು, ಧೂಳಿಲ್ಲದ ಬೂಟು, ಬಾಗಿಲ ಹಿಂದೆ ಮನೆಯೇ ಇಲ್ಲ ಅನ್ನಿಸುವ ಅಂಗಡಿ ಸಾಲು. ನನಗೆ ನಂಬಿಕೆ ಹೋಗುವುದು ಅಲ್ಲಿ.

ನೆಲದಿಂದಲೇ ಕೆಟ್ಟದ್ದು ಇಲ್ಲವೇ ಇಲ್ಲ ಅಂತಲ್ಲ. ಹಲಗೆ ಒಣಗುವ ದಿನಗಳಲ್ಲಿ ಅಪಾಚೆ ಬುಡಕಟ್ಟಿನ ನಾಯಕ ವಿನ್ನೆಟೂವಿನ ಕಥೆಯ ಜರ್ಮನ್ ಸಿನಿಮಾ ನೋಡಿದೆ, 1962ರದ್ದು. ರಾಕಿ ಪರ್ವತದ ಬೆಳ್ಳಿ ಸರೋವರ ಅಂತ ತೋರಿಸಿರುವುದು ಆಗಿನ ಯುಗೊಸ್ಲಾವಿಯಾದ, ಈಗಿನ ಕ್ರೊವೇಷಿಯಾದ ಪ್ಲಿಟ್‌ವಿಟ್ಸೆ. ಸುಣ್ಣದ ಬಿಳಿ ಕಲ್ಲು, ಹಸಿರುನೀಲಿ ನೀರು, ಸಾಲು ಸಾಲು ಜಲಪಾತ. ಚೆಂದವೋ ಚೆಂದ. ಆದರೆ ಅಲ್ಲಿ ಯಾರಿಗೂ ಬಾಯಾರಿಕೆ ಆಗುತ್ತದೆ ಅಂತ ನನಗೆ ಅನ್ನಿಸಲಿಲ್ಲ. ಆ ಸಿನಿಮಾ ನೋಡಿ ಬೆಳೆದ ಜರ್ಮನ್ ಹುಡುಗರಿಗೆ ಮಾತ್ರ ಅದೇ ವೆಸ್ಟ್ ಇರಬೇಕು.

ಇನ್ನು ಅಮೆರಿಕದ ನಿರ್ದೇಶಕ ಜಾನ್ ಫೋರ್ಡ್‌ನ ‘ದ ಸರ್ಚರ್ಸ್’ (1956). ಶುರುವಿನಲ್ಲೇ ‘ಟೆಕ್ಸಾಸ್ 1868’ ಅಂತ ಅಕ್ಷರ ಬರುತ್ತದೆ, ಬಾಗಿಲು ತೆರೆದರೆ ಹೊರಗೆ ಮಾನ್ಯುಮೆಂಟ್ ವ್ಯಾಲಿ. ಅದು ಇರುವುದು ಯೂಟಾ-ಅರಿಜೋನಾ ಗಡಿಯಲ್ಲಿ. ಟೆಕ್ಸಾಸ್‌ನಲ್ಲಿ ಅಲ್ಲವೇ ಅಲ್ಲ. ಆ ಸುಳ್ಳಿಗೆ ‘ದೃಶ್ಯವೈಭವ’ ಅನ್ನುತ್ತಾರೆ, ಸ್ಪೇನಿನದ್ದಕ್ಕೆ ‘ನಕಲಿ’ ಅನ್ನುತ್ತಾರೆ. ಯಾವ ನ್ಯಾಯ?

ಗೆಳೆಯನಿಗೆ ಇದನ್ನೇ ಹೇಳಿದೆ. ‘ಟೆಕ್ಸಾಸ್ ಆದ್ರೇನು ಯೂಟಾ ಆದ್ರೇನು, ಒಂದೇ ದೇಶ ತಾನೇ’ ಅಂದ. ಹಾಗಾದರೆ ಕೊಡಗಿನ ಕಥೆಯನ್ನು ರಾಯಚೂರಿನಲ್ಲಿ ತೆಗೆಯೋಣವಾ ಅಂತ ಕೇಳಿದೆ. ಮಾತು ಬದಲಾಯಿಸಿದ.

ಕತ್ತಾಳೆ

ಅಲ್ಮೇರಿಯಾದಲ್ಲಿ ತೆಗೆದ ಚಿತ್ರಗಳಲ್ಲಿ ಎರಡು ಗಿಡ ನಮಗೆ ಥಟ್ಟನೆ ಗುರುತು ಸಿಗುತ್ತವೆ. ಕತ್ತಾಳೆ, ಪಾಪಾಸುಕಳ್ಳಿ. ನಮ್ಮ ಹೊಲದ ಬೇಲಿಯೇ. ಮೊದಲು ನಗು ಬಂತು, ಇದೇನು ಟೆಕ್ಸಾಸಾ ಚಳ್ಳಕೆರೆಯಾ ಅಂತ. ಆಮೇಲೆ ಓದಿದರೆ ಎರಡರ ಮೂಲವೂ ಅಮೆರಿಕ ಖಂಡವೇ. ಅಲ್ಲಿಂದ ಸ್ಪೇನಿಗೂ ಹೋದವು, ನಮ್ಮ ಬೇಲಿಗೂ ಬಂದವು. ಅಂದರೆ ಸೆಟ್‌ನಲ್ಲಿ ನಿಜವಾದ ಅಮೆರಿಕದವು ಅಂದರೆ ಗಿಡಗಳು! 1860ರ ಮರುಭೂಮಿ ಕಥೆಯ ಹಿಂದೆ ಎತ್ತರದ ನೀಲಗಿರಿ ಮರ ಕಂಡರೆ ಮಾತ್ರ ನಾನು ಈಗ ಗೊಣಗುತ್ತೇನೆ, ಅದು ಆಸ್ಟ್ರೇಲಿಯಾದ ಮರ.

ಮಾಡೆಲಿಗೆ ನಾಲ್ಕು ಕತ್ತಾಳೆ ಮಾಡಿದೆ, ಹಸಿರು ಕಾಗದವನ್ನು ಮುಳ್ಳಿನ ಆಕಾರಕ್ಕೆ ಕತ್ತರಿಸಿ ಸುತ್ತಿ. ಒಂದೊಂದೂ ಕಡಲೆಕಾಳಿನಷ್ಟು. ಇನ್ನು ಮಾಡುವ ತಾಳ್ಮೆ ಇಲ್ಲ.

ಹಳಿ

ಪಕ್ಕದ ಮನೆ ಅಂಕಲ್ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದು ರಿಟೈರ್ ಆದವರು. ನಾನು ಸ್ಟೇಷನ್ ದೃಶ್ಯ ನಿಲ್ಲಿಸಿಟ್ಟಿದ್ದಾಗ ಬಂದು, ಕನ್ನಡಕ ಏರಿಸಿ ನೋಡಿ, ‘ಇದೇನಪ್ಪಾ, ಅಮೆರಿಕ ಅಂತೀಯ, ನಮ್ಮ ಬ್ರಾಡ್‌ಗೇಜ್ ಇದ್ದಂಗಿದೆಯಲ್ಲ’ ಅಂದರು. ಬಂದೂಕು, ಟೋಪಿ, ನೊಣ ಯಾವುದೂ ಅವರಿಗೆ ಕಾಣಲಿಲ್ಲ. ಕಂಡದ್ದು ಹಳಿ.

ಲೆಕ್ಕ ನೋಡಿದೆ. ಅಮೆರಿಕದ ಸ್ಟ್ಯಾಂಡರ್ಡ್ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1435 ಮಿಲಿಮೀಟರ್. ಸ್ಪೇನಿನ ಹಳೇ ಅಗಲ ಹಳಿ ಸುಮಾರು 1670. ನಮ್ಮದು 1676. ಅಂಕಲ್ ಕಣ್ಣಿಗೆ ಕೈ ಮುಗಿಯಬೇಕು. 1:72ರಲ್ಲಿ ಅಮೆರಿಕದ್ದಾದರೆ 20 ಮಿಲಿಮೀಟರ್, ಸ್ಪೇನಿನದ್ದಾದರೆ 23. ಮೂರು ಮಿಲಿಮೀಟರಿಗೆ ನಾಲ್ಕು ದಿನ ಯೋಚನೆ ಮಾಡಿದೆ. 20ಕ್ಕೆ ಸ್ಲೀಪರ್ ಮೇಲೆ ಗುರುತು ಕೂಡ ಹಾಕಿದ್ದೆ. ಬೂದಿ ಮಣ್ಣಿನ ಮೇಲೆ, ಆ ಅಗಲವಾದ ಪ್ಲಾಟ್‌ಫಾರ್ಮಿನ ಪಕ್ಕ ಇಟ್ಟು ನೋಡಿದರೆ ಹಳಿ ಇಕ್ಕಟ್ಟಾಗಿ ಕಂಡಿತು, ಬೇರೆ ಯಾವುದೋ ಸ್ಟೇಷನ್ನಿನಿಂದ ತಂದಿಟ್ಟ ಹಾಗೆ.

ನಿನ್ನೆ ರಾತ್ರಿ 23ಕ್ಕೇ ಅಂಟಿಸಿದೆ. ಅಂಕಲ್ ಬೆಳಿಗ್ಗೆ ಸ್ಕೇಲ್ ತಂದು ಮೂರು ಕಡೆ ಅಳೆದರು. ಒಂದು ಕಡೆ ಅರ್ಧ ಮಿಲಿಮೀಟರ್ ಜಾಸ್ತಿ ಇದೆಯಂತೆ, ಗಾಡಿ ಹಳಿ ತಪ್ಪುತ್ತದಂತೆ. ಗಾಡಿಯೇ ಇಲ್ಲ ಅಂಕಲ್ ಅಂದೆ, ಒಪ್ಪಲಿಲ್ಲ.

ಮುಂದಿನ ಕೆಲಸ ನೀರಿನ ಟ್ಯಾಂಕು. ಟೋಪಿಯ ಮೇಲೆ ಬೀಳುವ ಹನಿ ಹೇಗೆ ಮಾಡೋದು ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಅಂಟು ಎಳೆದು ನೋಡಿದೆ, ಜೇಡರ ಬಲೆ ಆಗುತ್ತಿದೆ.