ವೀರಗಲ್ಲಿನಲ್ಲಿ ಇಲ್ಲದವಳು

ಗಂಗರ ಕಾಲದ ಒಂದು ಪ್ರೇಮಕಥೆ ಓದ್ತಿದೀನಿ, ಕೆಳಗಿಡೋಕೆ ಮನಸ್ಸೇ ಬರ್ತಿಲ್ಲ.

ನಮ್ಮ ಕೋಲಾರದ ಕಡೆ ಕೆರೆ ಏರಿ, ಹೊಲದ ಬದು, ಗುಡಿಯಂಗಳ, ಎಷ್ಟೋ ಕಡೆ ವೀರಗಲ್ಲುಗಳಿವೆ. ಗಂಗರು, ನೊಳಂಬರ ಕಾಲದವು ಬೇಕಾದಷ್ಟು. ಕೆಲವದರಲ್ಲಿ ಕೆಳಗೆ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ತುರು (ದನಗಳನ್ನು) ಬಿಡಿಸಲು ಹೋಗಿ ಸತ್ತ ಅಂತ ಒಂದೆರಡು ಸಾಲು ಶಾಸನವೂ ಇರುತ್ತೆ. ಅವನ ಹೆಂಡತಿ? ಅವನ ಜೊತೆ ಬೆಂಕಿಗೆ ಬಿದ್ದಿದ್ದರೆ ಅವಳಿಗೊಂದು ಮಾಸ್ತಿಕಲ್ಲು. ಬದುಕಿ, ಮಕ್ಕಳನ್ನು ಸಾಕಿ, ರಾಗಿ ಬೀಸಿಕೊಂಡು ಮುದುಕಿಯಾದವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಒಳ್ಳೆಯ ಐತಿಹಾಸಿಕ ಕಾದಂಬರಿ ಅವಳನ್ನೇ ಹುಡುಕಿಕೊಂಡು ಹೋಗುತ್ತೆ. ಅರಮನೆ, ಒಡವೆಗಳ ವರ್ಣನೆ ನನಗೆ ಅಷ್ಟಕ್ಕಷ್ಟೆ. ದಂಡಿಗೆ ಹೋದವನ ಸುದ್ದಿ ತಿಂಗಳಾದರೂ ಬಾರದೆ, ದೂರದಲ್ಲಿ ಕುದುರೆ ಸದ್ದಾದರೂ ಎದೆ ಧಸಕ್ಕೆನ್ನುವ ಆ ಪುಟಗಳಿಗಾಗಿ ನಾನು ಓದೋದು. ಕೊಟ್ಟ ಮಾತೊಂದೇ ಆಸರೆಯಾಗಿದ್ದ ಪ್ರೀತಿ ಅದು. ಕಟ್ಟುಕಥೆ ಅಂತ ಗೊತ್ತು, ಆದರೂ ಅಂಥವಳೊಬ್ಬಳು ಇದೇ ಸೀಮೆಯಲ್ಲಿ ಖಂಡಿತ ಇದ್ದಳು ಅನ್ನಿಸಿ ಕಣ್ಣು ತುಂಬುತ್ತೆ.

ಮುಗಿದ ಮೇಲೆ ಅಮ್ಮನಿಗೆ ಕೊಡ್ತೀನಿ. ಆಮೇಲೆ ಯಾರಿಗೆ ಬೇಕು ಹೇಳಿ.