ಹಳೆಗೋವದಲ್ಲಿ ಪೀಠದ ಮೇಲಿನ ಸಿಪಾಯಿ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಾಟ್ ಇಳಿದರೆ ಪಣಜಿ. ಅಲ್ಲಿಂದ ಹಳೆಗೋವಕ್ಕೆ ಲೋಕಲ್ ಬಸ್ಸಿನಲ್ಲಿ ಹತ್ತು ಕಿಲೋಮೀಟರ್. ಯುದ್ಧದಲ್ಲಿ ಮಾಡಿದ್ದು, ಕಂಡದ್ದು ಮನಸ್ಸಿನಿಂದ ಇಳಿಯದ ಮಾಜಿ ಸೈನಿಕರ ಜೊತೆ ಹೋಗುವವರು ರಾತ್ರಿ ಪಣಜಿಯಲ್ಲೇ ಉಳಿದು, ಟೂರ್ ಬಸ್ಸುಗಳು ಬರುವ ಮುಂಚೆ ಅಲ್ಲಿನ ದೊಡ್ಡ ಇಗರ್ಜಿ, ಬೊಮ್ ಜೀಸಸ್ ಬಾಸಿಲಿಕಾ ಸೇರಿಕೊಳ್ಳಬೇಕು. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ, ಅದರ ಹಿಂದಿನ ನೊವೆನಾದ (ಒಂಬತ್ತು ದಿನದ ಪ್ರಾರ್ಥನೆ) ದಿನಗಳು ಬೇಡವೇ ಬೇಡ. ಬೆನ್ನ ಹಿಂದೆ ನೂಕುನುಗ್ಗಲಿದ್ದರೆ ಕೆಲವರಿಗೆ ಕೂತಲ್ಲೇ ಬೆವರು ಇಳಿಯುತ್ತದೆ. ಅಂಥವರಿಗೆ ಕೊನೆಯ ಬೆಂಚು, ಬಾಗಿಲು ಕಾಣುವ ತುದಿ.

ಬೊಮ್ ಜೀಸಸ್ ಬಾಸಿಲಿಕಾ 1605ರಲ್ಲಿ ಪ್ರತಿಷ್ಠೆಯಾದ, ಜೆಸ್ವಿಟ್ ಎಂಬ ಕ್ರೈಸ್ತ ಗುರುಸಂಘದ ಇಗರ್ಜಿ. ಮುಖಕ್ಕೆ ಗಾರೆಯಿಲ್ಲ, ಕೆಂಪು ಜಂಬಿಟ್ಟಿಗೆ ಹಾಗೇ ಕಾಣುತ್ತದೆ. ಒಳಗೆ ಕಾಲಿಟ್ಟವರೆಲ್ಲ ಬಲಕ್ಕೆ ಹೊರಳುತ್ತಾರೆ: ಅಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಬೆಳ್ಳಿ ಪೆಟ್ಟಿಗೆ, ಅದರಡಿ ಫ್ಲಾರೆನ್ಸಿನ ಫೊಜ್ಜೀನಿ ಮಾಡಿದ ಅಮೃತಶಿಲೆಯ ಗದ್ದುಗೆ. ನಮ್ಮ ಕೆಲಸ ಇರುವುದು ನೇರ ಎದುರಿಗೆ. ಮುಖ್ಯ ಪೀಠದಲ್ಲಿ ಬಾಲಯೇಸುವಿನ ಮೇಲೆ, ತ್ರಿತ್ವದತ್ತ (ತಂದೆ, ಮಗ, ಪವಿತ್ರಾತ್ಮ) ಕಣ್ಣೆತ್ತಿ ನಿಂತ ಆಳೆತ್ತರ ಮೀರಿದ ಮೂರ್ತಿ, ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲರದು. ಸಂತನಾಗುವ ಮುಂಚೆ ಆತ ಸಿಪಾಯಿ.

1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಅವರ ಬಲಗಾಲನ್ನು ಪುಡಿ ಮಾಡಿತು. ಮರುವರ್ಷ ಮಾರ್ಚಿಯಲ್ಲಿ ಮೊಂತ್ಸೆರಾತ್ ಮಠಕ್ಕೆ ಹೋಗಿ, ಬದುಕಿನ ಪಾಪಗಳನ್ನೆಲ್ಲ ಬರೆದು ಮೂರು ದಿನ ಪಾದ್ರಿಯ ಮುಂದೆ ನಿವೇದಿಸಿಕೊಂಡರು. ಕತ್ತಿ, ಕಠಾರಿಯನ್ನು ಮರಿಯ ಮಾತೆಯ ಪೀಠದ ಬಳಿ ತೂಗುಹಾಕಿದರು. ಕಥೆ ಅಲ್ಲಿಗೆ ಮುಗಿದಿದ್ದರೆ ಚಂದವಿತ್ತು. ಹತ್ತಿರದ ಮನ್ರೇಸಾ ಊರಿನಲ್ಲಿ ‘ಏನೋ ಹೇಳದೆ ಬಿಟ್ಟೆ’ ಎಂಬ ಅನುಮಾನ ಹಿಡಿದುಕೊಂಡಿತು. ಮತ್ತೆ ಮತ್ತೆ ನಿವೇದನೆ, ಆದರೂ ನೆಮ್ಮದಿಯಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ಒಂದು ವಾರ ಉಪವಾಸ ಕೂತಾಗ, ಊಟ ಮಾಡು ಎಂದು ನಿವೇದನೆ ಕೇಳುವ ಗುರುಗಳೇ (ಪಾದ್ರಿ) ಅಪ್ಪಣೆ ಮಾಡಬೇಕಾಯಿತು. ಕೊನೆಗೆ ಹಳೆಯದನ್ನು ಮತ್ತೆ ಕೆದಕುವುದಿಲ್ಲ ಎಂದು ತೀರ್ಮಾನಿಸಿದ ಮೇಲೆ ಅದು ಬಿಟ್ಟಿತು. ಅವು ರಣರಂಗದ ಪಾಪಗಳೇ ಎನ್ನುವಂತಿಲ್ಲ. ಆದರೆ ಒಳಗೆ ಸುತ್ತುವ ಆ ಗಾಣ ಮಾಜಿ ಸೈನಿಕರೊಡನೆ ಕೂತವರಿಗೆಲ್ಲ ಗೊತ್ತು.

ಇದಕ್ಕೆ ಈಗ ನೈತಿಕ ಗಾಯ ಎನ್ನುತ್ತಾರೆ. ವಿಯೆಟ್ನಾಂ ಯೋಧರನ್ನು ನೋಡಿಕೊಂಡ ಮನೋವೈದ್ಯ ಜೊನಾಥನ್ ಶೇ, ಮೇಲಿನವರು ಮಾಡಿದ ದ್ರೋಹಕ್ಕೆ ಒತ್ತು ಕೊಟ್ಟರು. 2009ರಲ್ಲಿ ಬ್ರೆಟ್ ಲಿಟ್ಜ್ ಮತ್ತು ಜೊತೆಗಾರರು, ತಾನೇ ಮಾಡಿದ್ದು, ತಡೆಯಲಾಗದೆ ಹೋದದ್ದು, ಕಣ್ಣಾರೆ ಕಂಡದ್ದು ಎಲ್ಲವನ್ನೂ ಸೇರಿಸಿದರು. ಪಿಟಿಎಸ್‌ಡಿಯ (ಆಘಾತದ ನಂತರ ಉಳಿಯುವ ಮನೋಬೇನೆ) ಬೇರು ಹೆಚ್ಚಾಗಿ ಹೆದರಿಕೆಯಲ್ಲಿ, ಇದರದು ನಾಚಿಕೆಯಲ್ಲಿ. ‘ಈಗ ಅಪಾಯವಿಲ್ಲ’ ಎಂದರೆ ಹೆದರಿಕೆ ತಗ್ಗಬಹುದು. ನಾಚಿಕೆಗೆ ಆ ಮಾತು ತಾಗುವುದೇ ಇಲ್ಲ.

ಹಳೆಯ ಕ್ರೈಸ್ತ ಸಭೆಗೆ ಇದು ತಿಳಿದಿತ್ತು. ಯುದ್ಧದ ಕೊಲೆಯನ್ನು ಹಿರಿಯರು ಕೊಲೆಯೆಂದು ಎಣಿಸಲಿಲ್ಲ, ಆದರೂ ಕೈ ಶುದ್ಧವಿಲ್ಲದ ಕಾರಣ ಮೂರು ವರ್ಷ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ಬಿಡುವುದು ಒಳ್ಳೆಯದೇನೋ ಎಂದು 4ನೇ ಶತಮಾನದ ಸಂತ ಬೇಸಿಲ್ ಬರೆದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡಿನ ಹೇಸ್ಟಿಂಗ್ಸ್ ಕದನ ಗೆದ್ದ ಬಳಿಕ ಅವರದೇ ಬಿಷಪ್ಪರು ಲೆಕ್ಕವನ್ನೇ ಹಾಕಿಕೊಟ್ಟರು: ಕೊಂದದ್ದು ಗೊತ್ತಿದ್ದರೆ ತಲೆಗೊಂದು ವರ್ಷ ಪ್ರಾಯಶ್ಚಿತ್ತ, ಹೊಡೆದವನು ಸತ್ತನೋ ಇಲ್ಲವೋ ತಿಳಿಯದಿದ್ದರೆ 40 ದಿನ, ಎಷ್ಟು ಮಂದಿಯೆಂದೇ ಗೊತ್ತಿಲ್ಲದಿದ್ದರೆ ಜೀವಮಾನವಿಡೀ ವಾರಕ್ಕೊಂದು ದಿನ. ಗೆದ್ದ ಪಡೆಗೇ ಈ ನಿಯಮ! ಕಠಿಣವೆನಿಸಬಹುದು. ಆದರೆ ಅಳತೆಯಿದ್ದ ಶಿಕ್ಷೆಗೆ ಕೊನೆಯೂ ಇರುತ್ತದೆ. ತನಗೆ ತಾನೇ ಕೊಟ್ಟುಕೊಂಡದ್ದಕ್ಕೆ ಅದಿಲ್ಲ.

ಕೆಡುವುದು ಎಲ್ಲಿ ಎಂದರೆ ಆತುರದಲ್ಲಿ. ‘ನೀವು ಡ್ಯೂಟಿ ಮಾಡಿದ್ರಿ, ಬಿಡ್ರಿ’ ಎಂದವರ ಮುಂದೆ ಆ ಸೈನಿಕ ಮತ್ತೆ ಬಾಯಿ ಬಿಡುವುದಿಲ್ಲ. ಪೂರ್ತಿ ಕೇಳುವ ಮುಂಚೆಯೇ ‘ದೇವರು ಕ್ಷಮಿಸ್ಯಾನ’ ಎಂದರೂ ಅಷ್ಟೇ. ಗುಂಪಿನೆದುರು ಸಾಕ್ಷಿ ಹೇಳಿಸುವುದಂತೂ ಹುಣ್ಣಿಗೆ ಉಪ್ಪು. ಮೊದಲು ಬೈಬಲಿನ ಕೀರ್ತನೆ 88 ಓದಿ: ಅದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನ ಹೇಳುವುದಿಲ್ಲ. 51ನೆಯದು ಆಮೇಲೆ ಬರಲಿ. ತನ್ನದೇ ಸೈನಿಕ ಊರೀಯನನ್ನು ಕಾಳಗದ ಮುಂಚೂಣಿಗೆ ನಿಲ್ಲಿಸಿ ಕೊಲ್ಲಿಸಿದ ರಾಜ ದಾವೀದನ ಹೆಸರಿನಲ್ಲಿರುವ ಕೀರ್ತನೆ ಅದು. ಪಾಪನಿವೇದನೆಗೆ ಕನ್ನಡ ಬಲ್ಲ ಗುರುಗಳು ಬೇಕಿದ್ದರೆ ಮುಂಚೆಯೇ ವಿಚಾರಿಸಿ ಗೊತ್ತುಮಾಡಿಕೊಳ್ಳಬೇಕು. ಗೊತ್ತಿದ್ದೂ ಗೊತ್ತಿಲ್ಲದ ಭಾಷೆಯಲ್ಲಿ ಇಂಥದ್ದು ಹೊರಬರುವುದಿಲ್ಲ. ಅಲ್ಲಿ ಹೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಬಾಯಿಬಿಡುವಂತಿಲ್ಲ. ಕ್ರೈಸ್ತರಲ್ಲದವರಿಗೆ ಆ ಸಂಸ್ಕಾರವಿಲ್ಲ, ಕೂತು ಮಾತಾಡಲು ಅಡ್ಡಿಯಿಲ್ಲ. ಅದನ್ನು ಮತಕ್ಕೆ ಸೆಳೆಯುವ ದಾರಿ ಮಾಡಿಕೊಂಡರೆ ಅದೇ ಇನ್ನೊಂದು ದ್ರೋಹ. ಪ್ರಾಯಶ್ಚಿತ್ತ ಕೈಯಿಂದ ಮಾಡುವಂಥದ್ದಿರಲಿ: ಸತ್ತ ಜೊತೆಗಾರನ ಮನೆಗೆ ಹೋಗುವುದು, ಅವನ ಮಕ್ಕಳ ಫೀಸು ಕಟ್ಟುವುದು. ಸಾಯುವ ಮಾತು ಬಂದರೆ ಗುರುಗಳೊಬ್ಬರೇ ಸಾಲದು. ಮನೋವೈದ್ಯರು ಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ನಿವೇದನೆಯೋ ಮಾತೋ ಆದ ಮೇಲೆ ಅಂದು ಬೀಚು, ಬಜಾರು ಇಟ್ಟುಕೊಳ್ಳಬೇಡಿ. ಬಾಸಿಲಿಕಾದ ಹೊರಗೆ ಮೇಣದಬತ್ತಿ ಮಾರುವವರಲ್ಲಿ ವಿಜಯಪುರ, ಗದಗದ ಕಡೆಯವರೂ ಇದ್ದಾರೆ. ಹರಕೆಗೆಂದು ಮೇಣದ ಕೈ, ಕಾಲು, ತಲೆ ಸಾಲಾಗಿ ಇಟ್ಟಿರುತ್ತಾರೆ. ನೋವಿರುವ ಅಂಗವನ್ನು ಕೊಂಡು ಒಪ್ಪಿಸುವ ಪದ್ಧತಿ. ‘ಎಲ್ಲೆ ನೋವೈತ್ರಿ ಯಜಮಾನ್ರ?’ ಎಂದು ಕೇಳುತ್ತಾರೆ. ಉತ್ತರ ಬರದಿದ್ದರೆ ಬುಟ್ಟಿಯ ತಳದಿಂದ ಗೇಣುದ್ದದ ಇಡೀ ಮನುಷ್ಯನ ಗೊಂಬೆ ತೆಗೆದು, ಧೂಳು ಒರೆಸಿ ಮುಂದೆ ಹಿಡಿಯುತ್ತಾರೆ: ‘ಎಲ್ಲೆ ಅಂತ ತಿಳೀಲಿಲ್ಲಂದ್ರ ಇದನ್ನ ತಗೋರಿ.’