ಮಂಡಕ್ಕಿ ಭಟ್ಟಿಯಲ್ಲಿ 38 ದಿನ

"ಅಕ್ಕಾ, ನನ್ನನ್ನ ಮಂಡಕ್ಕಿ ಭಟ್ಟಿಗೆ ಹಾಕಿದ್ರಲ್ಲ, ಅದು ಯಾರ ಭಟ್ಟಿ?"

ಆಸ್ಪತ್ರೆಯಿಂದ ಬಂದು ಎರಡನೇ ತಿಂಗಳು. ಸಂಜೆ ಟೀ ಕುಡಿಯುತ್ತಾ ತಮ್ಮ ಕೇಳಿದ. ನಾನು ನಕ್ಕೆ. ಅವನು ನಗಲಿಲ್ಲ.

ಚಿತ್ರದುರ್ಗದಿಂದ ದಾವಣಗೆರೆಗೆ ಬರುವಾಗ ಹೈವೇಯಲ್ಲಿ ಅವನ ಬೈಕ್ ಬಿದ್ದಿತ್ತು. ತೊಡೆ, ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೂ ಪೆಟ್ಟು. ಐಸಿಯುನಲ್ಲಿ 38 ದಿನ. ಮೊದಲು ವೆಂಟಿಲೇಟರ್, ಆಮೇಲೆ ಗಂಟಲಿಗೆ ತೂತು ಮಾಡಿ ನಳಿಕೆ. ಮನೆಗೆ ಬಂದಾಗ ಬೀದಿಯವರೆಲ್ಲ "ಗೆದ್ದು ಬಂದ" ಅಂದರು. ಗೆದ್ದವನಿಗೆ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಕಾಲು ಕಡ್ಡಿಯಾಗಿತ್ತು. ಇಂಥ ಕಾಯಿಲೆಯಲ್ಲಿ ಮೊದಲ 10 ದಿನದಲ್ಲೇ ತೊಡೆಯ ಸ್ನಾಯು ಹೆಚ್ಚುಕಡಿಮೆ ಆರನೇ ಒಂದು ಭಾಗ ಕರಗಬಹುದು ಅಂತ ಫಿಸಿಯೋಥೆರಪಿಯವರು ಹೇಳಿದರು. ಅದು ಕಣ್ಣಿಗೆ ಕಾಣುತ್ತಿತ್ತು, ಸರಿ. ಭಟ್ಟಿ ಮಾತ್ರ ಯಾರಿಗೂ ಕಂಡಿರಲಿಲ್ಲ.

ಅವನ ಲೆಕ್ಕದಲ್ಲಿ ಅಲ್ಲಿ ವಿಪರೀತ ಸೆಖೆ. ಕಾದ ಮರಳು ಸುರಿಯುತ್ತಿದ್ದರು. ಕೈ ಕಟ್ಟಿದ್ದರು. ಅವನು ಕೂಗಿದರೂ ಯಾರೂ ತಿರುಗಿ ನೋಡಲಿಲ್ಲ. ನಾನು ಬಾಗಿಲಲ್ಲಿ ನಿಂತು ಹಾಗೇ ಹೋಗಿಬಿಟ್ಟೆನಂತೆ.

ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ವೆಂಟಿಲೇಟರ್‌ನಲ್ಲಿದ್ದ ತುಂಬಾ ಜನರಿಗೆ ಹೀಗೆ ಬುದ್ಧಿ ಕಲಕುತ್ತದೆ, ಡೆಲಿರಿಯಂ ಅಂತಾರೆ, ನಿಜವಾಗಿ ನಡೆದದ್ದು ಮರೆತರೂ ಇದು ಉಳಿಯುತ್ತೆ ಅಂದರು. ಸೊರಗಿದ ದೇಹ, ಮರೆವು, ಭಯ ಇದೆಲ್ಲ ಸೇರಿಸಿ ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್ ಅನ್ನುತ್ತಾರಂತೆ. ಮನೆಯವರಿಗೂ ಬರುತ್ತೆ ಅಂದಾಗ ನನ್ನ ನಿದ್ದೆಯ ವಿಷಯ ಬಾಯಿಗೆ ಬಂತು, ನುಂಗಿಕೊಂಡೆ. ಕೆಲವು ದೇಶಗಳಲ್ಲಿ ನರ್ಸ್‌ಗಳು, ಮನೆಯವರು ರೋಗಿಗಾಗಿ ದಿನಚರಿ ಬರೆದಿಡುತ್ತಾರಂತೆ, ಎದ್ದಮೇಲೆ ಓದಲಿ ಅಂತ.

ನಾನೆಲ್ಲಿ ಬರೆಯಲಿ? ಆದರೆ ಮೆಡಿಕಲ್ ಶಾಪಿನ ಬಿಲ್ಲುಗಳಿದ್ದವು. ಒಂದು ಚೀಲ ತುಂಬಾ.

ಆ ರಾತ್ರಿ ತಾರೀಖಿನ ಪ್ರಕಾರ ಚಾಪೆ ಮೇಲೆ ಹರಡಿದೆವು. "ಇದು 9ನೇ ದಿನ, ನೀನು ನಳಿಕೆ ಕಿತ್ತುಕೊಳ್ಳೋಕೆ ಹೋದೆ, ಅದಕ್ಕೇ ಕೈ ಕಟ್ಟಿದ್ದು. ಇದು 14ನೇ ದಿನ, ಜ್ವರ 104." ಅವನು ಆ ಚೀಟಿಯನ್ನ ತುಂಬಾ ಹೊತ್ತು ಹಿಡಿದಿದ್ದ. "ನಾನು ಕೂಗಿದ್ದು?" ಗಂಟಲಲ್ಲಿ ನಳಿಕೆ ಇದ್ದರೆ ದನಿಯೇ ಹೊರಡಲ್ಲ ಕಣೋ ಅಂದೆ. ಅಲ್ಲಿಗೆ ಬರುವಷ್ಟರಲ್ಲಿ ನನ್ನ ದನಿಯೂ ಹೊರಡಲಿಲ್ಲ.

ಮುಂದಿನ ಭಾನುವಾರ ಅವನೇ ಹಟ ಮಾಡಿದ. ಆಟೋದಲ್ಲಿ ಭಟ್ಟಿಗೆ ಕರೆದುಕೊಂಡು ಹೋದೆ. ವಾಕರ್ ಹಿಡಿದು ಬಾಗಿಲಲ್ಲಿ ನಿಂತ. ಒಳಗೆ ಕಾದ ಮರಳಲ್ಲಿ ಅಕ್ಕಿ ಚಟಚಟ ಅಂತ ಅರಳುತ್ತಿತ್ತು. ಜರಡಿ ಹಿಡಿದವರು ಒಂದು ಹಿಡಿ ಬಿಸಿ ಮಂಡಕ್ಕಿ ಕೊಟ್ಟರು. ಪುಡಿಪುಡಿಯಾದದ್ದು ಗಂಟಲಿಗೆ ಅಡರುತ್ತೆ, ಇನ್ನೂ ತಿನ್ನುವ ಹಾಗಿಲ್ಲ. ಸುಮ್ನೆ ಮುಷ್ಟಿಯಲ್ಲಿ ಇಟ್ಟುಕೊಂಡ.

"ಇದಲ್ಲ ಅಕ್ಕಾ," ಅಂದ. "ಅಲ್ಲಿ ಬೀಪ್ ಬೀಪ್ ಅಂತಿತ್ತು."

ವಾಪಸ್ ಬರುವಾಗ ಆಟೋದಲ್ಲೇ ನಿದ್ದೆ ಹೋದ. ರಾತ್ರಿ ಎದ್ದು 14ನೇ ದಿನದ ಬಿಲ್ಲು ಇನ್ನೊಂದು ಸಲ ಕೊಡು ಅಂದ.